ಬರೆಯುವ ಕೈಯ ರಕ್ಷಣೆ: ಮಣಿಕಟ್ಟಿನ ನರದ ಒತ್ತಡವನ್ನು ಅರಿಯುವುದು, ತಡೆಯುವುದು, ನಿಭಾಯಿಸುವುದು

ಕಲಿಕೆಯ ಉದ್ದೇಶಗಳು

ಈ ಪಾಠದ ಅಧ್ಯಯನದ ಬಳಿಕ ಶಿಕ್ಷಕರು,
• ಮಣಿಕಟ್ಟಿನ ಒಳರಚನೆಯನ್ನು ಸರಳವಾಗಿ ವಿವರಿಸಬಲ್ಲರು;
• ಕಾರ್ಪಲ್ ಟನಲ್ ಸಿಂಡ್ರೋಮಿನ ಆರಂಭದ ಲಕ್ಷಣಗಳನ್ನು ಗುರುತಿಸಿ, ಅವನ್ನು ಇತರ ನೋವುಗಳಿಂದ ಬೇರ್ಪಡಿಸಬಲ್ಲರು;
• ಶಾಲೆಯಲ್ಲಿಯೂ ಮನೆಯಲ್ಲಿಯೂ ಕೈಗೆ ಬೀಳುವ ಹೊರೆಯನ್ನು ತಗ್ಗಿಸುವ ಕ್ರಮಗಳನ್ನು ಅನುಸರಿಸಬಲ್ಲರು;
• ವೈದ್ಯರಿಗೆ ತೊಂದರೆಯನ್ನು ಸ್ಪಷ್ಟವಾಗಿ ತಿಳಿಸಲು ಕೈಯ ನಕ್ಷೆಯನ್ನು ಬಳಸಬಲ್ಲರು;
• ಇದೇ ವಿಷಯವನ್ನು ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಒಂದು ಅವಧಿಯಲ್ಲಿ ಬೋಧಿಸಬಲ್ಲರು.

1. ಪೀಠಿಕೆ: ಚರ್ಚೆಗೊಂದು ಪ್ರಸಂಗ

ಕಾಸರಗೋಡಿನ ಹಳ್ಳಿಯೊಂದರ ಕನ್ನಡ ಮಾಧ್ಯಮ ಶಾಲೆಯಲ್ಲಿ ದುಡಿಯುತ್ತಿರುವ, ನಲವತ್ತೇಳು ವಯಸ್ಸಿನ ಶಿಕ್ಷಕಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಬೆಳಗ್ಗೆ ಮನೆಯಲ್ಲಿ ಕಾಯಿ ತುರಿಯುವುದು, ಬಟ್ಟೆ ಹಿಂಡುವುದು. ಶಾಲೆಯಲ್ಲಿ ಐದು ಅವಧಿಗಳ ಬೋಧನೆ, ಕಪ್ಪುಹಲಗೆಯ ಬರವಣಿಗೆ. ಸಂಜೆ ನೋಟುಪುಸ್ತಕಗಳ ತಿದ್ದುಪಡಿ. ರಾತ್ರಿ ಊಟವಾದ ಮೇಲೆ, ಮಲಯಾಳದಲ್ಲಿ ಬಂದ ಸುತ್ತೋಲೆಯನ್ನೋ ಅಭ್ಯಾಸಹಾಳೆಯನ್ನೋ ಮೊಬೈಲಿನಲ್ಲಿ ಕನ್ನಡಕ್ಕೆ ಇಳಿಸಿ ಸಹೋದ್ಯೋಗಿಗಳಿಗೆ ಕಳುಹಿಸುವ ಕೆಲಸ.

ಒಂದು ಮಳೆಗಾಲದ ನಡುರಾತ್ರಿ ಬಲಗೈಯ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳು ಜೋಮುಹಿಡಿದು ಅವರಿಗೆ ಎಚ್ಚರವಾಯಿತು. ಕೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ನಾಲ್ಕು ಸಲ ಕೊಡವಿದಾಗ ಸರಿಹೋಯಿತು. ಬರಬರುತ್ತ ಇದು ದಿನನಿತ್ಯದ ಮಾತಾಯಿತು. ವಾತವೆಂದು ಎಣ್ಣೆ ತಿಕ್ಕಿದರು. ತಣ್ಣೀರಿನ ದೋಷವೆಂದು ಬಿಸಿನೀರು ಬಳಸಿದರು. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ ಹಲಗೆಯ ಮೇಲೆ ಬರೆಯುವಾಗ ಸೀಮೆಸುಣ್ಣ ಕೈಯಿಂದ ಜಾರತೊಡಗಿತು. ಮುಂದಿನ ಸಾಲಿನ ಮಗು ಅದನ್ನು ಹೆಕ್ಕಿಕೊಡುವುದು ತರಗತಿಯ ರೂಢಿಯೇ ಆಯಿತು.

ಇದನ್ನು ಗಮನಿಸಿದ ಮುಖ್ಯೋಪಾಧ್ಯಾಯರು ಕೇಳಿದರು: “ಟೀಚರೇ, ಕೈಗೆ ಏನಾಗಿದೆ? ಡಾಕ್ಟರಿಗೆ ತೋರಿಸಿದ್ದೀರಾ?”

“ಪರೀಕ್ಷೆ ಮುಗಿಯಲಿ ಸರ್. ನಾನು ರಜೆ ಹಾಕಿದರೆ ಕನ್ನಡದ ಮಕ್ಕಳಿಗೆ ಯಾರಿದ್ದಾರೆ?”

ಗಡಿಭಾಗದ ಕನ್ನಡ ಶಾಲೆಗಳಲ್ಲಿ ಇಂಥ ಉತ್ತರ ಅಪರೂಪವಲ್ಲ. ಬದಲಿ ಕನ್ನಡ ಶಿಕ್ಷಕರು ಬೇಗ ಸಿಗದ ಕಡೆ, ತಮ್ಮ ದೇಹದ ತೊಂದರೆಯನ್ನು ಹಿಂದಕ್ಕೆ ತಳ್ಳುವುದೇ ಕರ್ತವ್ಯವೆಂದು ಹಲವರು ತಿಳಿಯುತ್ತಾರೆ. ಈ ಉತ್ತರ ಎಷ್ಟು ಸರಿ ಎಂಬುದನ್ನು ಪಾಠದ ಕೊನೆಯಲ್ಲಿ ಮತ್ತೆ ಪರಿಶೀಲಿಸಬೇಕಾಗಿದೆ. ಅದಕ್ಕೂ ಮೊದಲು ಆ ಕೈಯೊಳಗೆ ನಡೆಯುತ್ತಿದ್ದುದೇನೆಂದು ತಿಳಿಯುವುದು ಅವಶ್ಯ.

2. ಮಣಿಕಟ್ಟಿನ ಸುರಂಗ

ಮಣಿಕಟ್ಟಿನಲ್ಲಿ 8 ಚಿಕ್ಕ ಮೂಳೆಗಳಿವೆ. ಅವು ಕಮಾನಿನಂತೆ ಜೋಡಣೆಗೊಂಡು, ಅಂಗೈಯ ಕಡೆಗೆ ತೆರೆದ ಒಂದು ತೊಟ್ಟಿಯ ಆಕಾರವನ್ನು ಉಂಟುಮಾಡುತ್ತವೆ. ಈ ತೊಟ್ಟಿಯ ಮೇಲೆ ಗಟ್ಟಿಯಾದ ಅಸ್ಥಿಬಂಧವೊಂದು ಅಡ್ಡಲಾಗಿ ಬಿಗಿದುಕೊಂಡು ಮುಚ್ಚಳದಂತಿದೆ. ಮೂಳೆಗಳ ತಳ ಮತ್ತು ಅಸ್ಥಿಬಂಧದ ಮುಚ್ಚಳ, ಇವೆರಡರ ನಡುವಿನ ಇಕ್ಕಟ್ಟಾದ ದಾರಿಯೇ ಮಣಿಕಟ್ಟಿನ ಸುರಂಗ. ಇದರ ಮೂಲಕ ಬೆರಳುಗಳನ್ನು ಮಡಚುವ 9 ಸ್ನಾಯುರಜ್ಜುಗಳೂ ಅವುಗಳ ಜೊತೆಗೆ ಒಂದು ನರವೂ ಹಾದುಹೋಗುತ್ತವೆ. ಆ ನರವೇ ಮಧ್ಯಮ ನರ.

ಮಧ್ಯಮ ನರಕ್ಕೆ ಕೈಯಲ್ಲಿ ಎರಡು ಕೆಲಸಗಳಿವೆ. ಮೊದಲನೆಯದು, ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರಬೆರಳಿನ ಅರ್ಧಭಾಗದ ಸ್ಪರ್ಶಜ್ಞಾನ. ಎರಡನೆಯದು, ಹೆಬ್ಬೆರಳಿನ ಬುಡದಲ್ಲಿ ಉಬ್ಬಿಕೊಂಡಿರುವ ಸ್ನಾಯುಗಳ ಚಾಲನೆ. ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ಬಂದು ನಿಲ್ಲುವುದು ಈ ಸ್ನಾಯುಗಳ ಬಲದಿಂದ. ಸೀಮೆಸುಣ್ಣ ಹಿಡಿಯುವುದು, ಗುಂಡಿ ಹಾಕುವುದು, ಪುಟ ಮಗುಚುವುದು ಎಲ್ಲವೂ ಅದನ್ನು ಅವಲಂಬಿಸಿವೆ. ಕಿರುಬೆರಳಿನ ಸ್ಪರ್ಶಜ್ಞಾನ ಮಾತ್ರ ಬೇರೊಂದು ನರಕ್ಕೆ ಸೇರಿದ್ದು. ಈ ಒಂದು ಅಂಶವನ್ನು ನೆನಪಿಟ್ಟುಕೊಂಡರೆ ರೋಗಲಕ್ಷಣವನ್ನು ಗುರುತಿಸುವ ಅರ್ಧ ಕೆಲಸ ಮುಗಿದಂತೆ.

ಸುರಂಗದ ಗೋಡೆಗಳು ಹಿಗ್ಗುವಂಥವಲ್ಲ. ಒಳಗಿನ ಪೊರೆಗಳು ಊದಿಕೊಂಡಾಗಲೂ ಮಣಿಕಟ್ಟು ಬಹಳ ಹೊತ್ತು ಮೇಲಕ್ಕೆ ಅಥವಾ ಕೆಳಕ್ಕೆ ಬಾಗಿದ್ದಾಗಲೂ ಒಳಗಿನ ಒತ್ತಡ ಏರುತ್ತದೆ. ಸ್ನಾಯುರಜ್ಜುಗಳು ಗಟ್ಟಿಯಾದವು; ಒತ್ತಡವನ್ನು ತಾಳಿಕೊಳ್ಳುತ್ತವೆ. ನರ ಮೃದುವಾದುದು; ಅದಕ್ಕೆ ರಕ್ತ ಒದಗಿಸುವ ಸೂಕ್ಷ್ಮನಾಳಗಳು ಅದುಮಲ್ಪಟ್ಟು ನರವು ಬಳಲುತ್ತದೆ. ಹೀಗೆ ಉಂಟಾಗುವ ತೊಂದರೆಗಳ ಸಮೂಹವೇ ಕಾರ್ಪಲ್ ಟನಲ್ ಸಿಂಡ್ರೋಮ್.

3. ಲಕ್ಷಣಗಳು ಬೆಳೆಯುವ ಬಗೆ

ಮೊದಲ ಹಂತ: ರಾತ್ರಿ ಜೋಮು, ಉರಿ ಅಥವಾ ಸೂಜಿ ಚುಚ್ಚಿದಂಥ ಅನುಭವದಿಂದ ಎಚ್ಚರವಾಗುವುದು, ಕೈ ಕೊಡವಿದರೆ ಶಮನವಾಗುವುದು. ನಿದ್ರೆಯಲ್ಲಿ ಅನೇಕರು ಮಣಿಕಟ್ಟನ್ನು ಮಡಚಿ ಕೆನ್ನೆಯ ಕೆಳಗೋ ದಿಂಬಿನ ಕೆಳಗೋ ಇಟ್ಟುಕೊಳ್ಳುವುದರಿಂದ ರಾತ್ರಿಯ ಹೊತ್ತಿಗೆ ತೊಂದರೆ ಹೆಚ್ಚು.

ಎರಡನೆಯ ಹಂತ: ಹಗಲಿನಲ್ಲಿಯೂ, ವಿಶೇಷವಾಗಿ ಬರೆಯುವಾಗ, ಮೊಬೈಲು ಹಿಡಿದಾಗ, ಬಸ್ಸಿನ ಕಂಬಿ ಹಿಡಿದು ನಿಂತಾಗ, ದ್ವಿಚಕ್ರ ವಾಹನ ಓಡಿಸುವಾಗ ಬೆರಳುಗಳು ಮರಗಟ್ಟುವುದು. ನೋವು ಕೆಲವೊಮ್ಮೆ ಮೊಣಕೈ, ಭುಜದವರೆಗೂ ಏರಬಹುದು.

ಮೂರನೆಯ ಹಂತ: ಬೆರಳತುದಿಯ ಸ್ಪರ್ಶ ಸದಾ ಮಂದವಾಗುವುದು, ವಸ್ತುಗಳು ಕೈಜಾರುವುದು, ಹೆಬ್ಬೆರಳಿನ ಬುಡದ ಉಬ್ಬು ಇಳಿದು ತಗ್ಗು ಬೀಳುವುದು. ಈ ಹಂತದಲ್ಲಿ ಕೆಲವರಿಗೆ ನೋವು ಕಡಿಮೆಯಾಗುವುದೂ ಉಂಟು. ಅದನ್ನು ಗುಣವೆಂದು ಭ್ರಮಿಸಬಾರದು. ನೋವನ್ನು ತಿಳಿಸುವ ಶಕ್ತಿಯೇ ನರದಲ್ಲಿ ಕುಗ್ಗಿದೆಯೆಂದು ಅದರ ಅರ್ಥವಾಗಿರಬಹುದು.

ಕೈಯ ಎಲ್ಲ ನೋವೂ ಈ ರೋಗವಲ್ಲ. ಕಿರುಬೆರಳು ಮಾತ್ರ ಮರಗಟ್ಟಿದರೆ ಮೊಣಕೈಯ ಬಳಿ ಬೇರೆ ನರ ಒತ್ತಿಹೋಗಿರಬಹುದು. ಕತ್ತಿನಿಂದ ಕೈಗೆ ಇಳಿಯುವ ನೋವು ಕತ್ತಿನ ಮೂಳೆಗಳಿಗೆ ಸಂಬಂಧಿಸಿರಬಹುದು. ಎರಡೂ ಪಾದಗಳೂ ಜೋಮುಹಿಡಿಯುತ್ತಿದ್ದರೆ ಮಧುಮೇಹದ ಪರೀಕ್ಷೆ ಅಗತ್ಯ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಾಸಲು ಮಚ್ಚೆಗಳಿದ್ದರೆ ಕುಷ್ಠರೋಗದ ತಪಾಸಣೆ ಮಾಡಿಸಬೇಕು. ಅದಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಪರಿಣಾಮಕಾರಿ ಔಷಧಿಯಿದೆ, ಸಂಕೋಚಕ್ಕೆ ಕಾರಣವಿಲ್ಲ. ಒಂದು ಪಕ್ಕದ ಕೈ ಹಠಾತ್ತನೆ ಸೋತು, ಮಾತು ತೊದಲಿದರೆ ಅಥವಾ ಮುಖ ವಾಲಿದರೆ ಅದು ಪಾರ್ಶ್ವವಾಯುವಿನ ಸೂಚನೆ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

4. ಕಾರಣಗಳು

ಈ ತೊಂದರೆ ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು, ನಡುವಯಸ್ಸಿನಲ್ಲಿ ಹೆಚ್ಚು. ಮಧುಮೇಹ, ಥೈರಾಯ್ಡ್ ಗ್ರಂಥಿಯ ಮಂದಗತಿ, ಸಂಧಿವಾತ, ಅತಿತೂಕ, ಹಿಂದೆ ಮಣಿಕಟ್ಟಿನ ಮೂಳೆ ಮುರಿದಿದ್ದುದು, ಇವು ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಗರ್ಭಿಣಿಯರಲ್ಲಿ ದೇಹದ ನೀರಿನಂಶ ಹೆಚ್ಚಿ ಸುರಂಗ ಇಕ್ಕಟ್ಟಾಗಬಹುದು. ಹೆರಿಗೆಯ ನಂತರ ಇದು ಸಾಮಾನ್ಯವಾಗಿ ಶಮನವಾಗುತ್ತದೆ.

ಕೆಲಸದ ಪಾತ್ರವೂ ಇದೆ. ಬಲ ಹಾಕಿ, ಮಣಿಕಟ್ಟು ಬಾಗಿಸಿ, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ದುಡಿಮೆ ಹಾಗೂ ಕಂಪಿಸುವ ಯಂತ್ರಗಳನ್ನು ಹಿಡಿಯುವ ದುಡಿಮೆ ಮುಖ್ಯವಾದವು. ಕೀಲಿಮಣೆಯೇ ರೋಗಕ್ಕೆ ಕಾರಣವೆಂಬ ಮಾತು ಜನಜನಿತವಾಗಿದ್ದರೂ ಅದಕ್ಕೆ ದೊರೆತಿರುವ ಪುರಾವೆ ಗಟ್ಟಿಯಾದುದಲ್ಲ. ಆದರೆ ಈಗಾಗಲೇ ಬಳಲಿದ ನರಕ್ಕೆ ದೀರ್ಘಕಾಲದ ಬೆರಳಚ್ಚು ತೊಂದರೆ ಕೊಡುತ್ತದೆ. ಕನ್ನಡದ ಬೆರಳಚ್ಚಿನಲ್ಲಿ ಒಂದು ವಿಶೇಷವನ್ನೂ ಗಮನಿಸಬಹುದು. “ಸ್ತ್ರೀ” ಎಂಬುದು ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡಿನಲ್ಲಿ ಅದು 6 ಸಂಕೇತಗಳ ಸರಣಿ. ಒತ್ತಕ್ಷರಗಳು ತುಂಬಿದ ಒಂದು ಪುಟವನ್ನು ಹೆಬ್ಬೆರಳೊಂದರಿಂದಲೇ ಮೊಬೈಲಿನಲ್ಲಿ ಮೂಡಿಸುವ ಶ್ರಮ ಪುಟದ ಗಾತ್ರ ನೋಡಿದರೆ ತಿಳಿಯುವುದಿಲ್ಲ.

5. ವೈದ್ಯರ ಬಳಿಗೆ: ಕೈಯ ನಕ್ಷೆ

ಗಡಿಭಾಗದ ಶಿಕ್ಷಕರು ತಮ್ಮ ನೋವನ್ನು ಹಲವೊಮ್ಮೆ ಮಲಯಾಳ, ಮರಾಠಿ, ತಮಿಳು ಅಥವಾ ತೆಲುಗಿನಲ್ಲಿ ಹೇಳಬೇಕಾಗುತ್ತದೆ. ಜೋಮು, ಮರಗಟ್ಟುವುದು, ಸೆಳೆತ, ಉರಿ ಇವುಗಳ ಸೂಕ್ಷ್ಮ ವ್ಯತ್ಯಾಸ ಇನ್ನೊಂದು ಭಾಷೆಗೆ ಹೋಗುವಾಗ “ಕೈನೋವು” ಎಂಬ ಒಂದೇ ಪದವಾಗಿ ಉಳಿಯುವ ಸಂಭವವಿದೆ. ಇದಕ್ಕೆ ಸುಲಭವಾದ ಪರಿಹಾರ ಕೈಯ ನಕ್ಷೆ.

ಬಿಳಿಹಾಳೆಯ ಮೇಲೆ ಎರಡೂ ಕೈಗಳನ್ನಿಟ್ಟು ಸುತ್ತ ಗೆರೆ ಎಳೆಯಬೇಕು. ಜೋಮುಹಿಡಿಯುವ ಭಾಗಕ್ಕೆ ಗೆರೆಗಳನ್ನೂ ನೋವಿರುವ ಭಾಗಕ್ಕೆ ಚುಕ್ಕಿಗಳನ್ನೂ ಸಂಪೂರ್ಣ ಸ್ಪರ್ಶವಿಲ್ಲದ ಭಾಗಕ್ಕೆ ಪೂರ್ಣ ಬಣ್ಣವನ್ನೂ ತುಂಬಬೇಕು. ಕೆಳಗೆ ಎಷ್ಟು ವಾರಗಳಿಂದ, ವಾರದಲ್ಲಿ ಎಷ್ಟು ರಾತ್ರಿ ಎಚ್ಚರವಾಗುತ್ತದೆ, ಯಾವ ಕೆಲಸದಲ್ಲಿ ಹೆಚ್ಚುತ್ತದೆ ಎಂಬ ಮೂರು ಅಂಶಗಳನ್ನು ಬರೆಯಬೇಕು. ವೈದ್ಯರೂ ಇಂಥ ನಕ್ಷೆಗಳನ್ನು ರೋಗನಿರ್ಣಯಕ್ಕೆ ಬಳಸುವುದುಂಟು. ಚಿತ್ರಕ್ಕೆ ಭಾಷಾಂತರದ ಅಗತ್ಯವಿಲ್ಲ.

ವೈದ್ಯರು ಮಾಡುವ ಕೆಲವು ಪರೀಕ್ಷೆಗಳು ಸರಳವಾದವು. ಎರಡೂ ಮುಂಗೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ ಮಣಿಕಟ್ಟನ್ನು 60 ಸೆಕೆಂಡು ಮಡಚಿಡುವುದು ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಫೇಲನ್ ಅವರ ಹೆಸರಿನ ಪರೀಕ್ಷೆ. ಮಣಿಕಟ್ಟಿನ ಮೇಲೆ ಮೆಲ್ಲನೆ ತಟ್ಟಿ, ಬೆರಳುಗಳಲ್ಲಿ ಜುಮ್ಮೆನ್ನುವುದೇ ಎಂದು ನೋಡುವುದು ಫ್ರಾನ್ಸಿನ ನರವೈದ್ಯ ಜೂಲ್ಸ್ ಟಿನೆಲ್ ಅವರ ಹೆಸರಿನದು. ಇವುಗಳಲ್ಲಿ ಯಾವುದೊಂದೂ ಅಂತಿಮ ಸಾಕ್ಷಿಯಲ್ಲ. ಅಗತ್ಯವಿದ್ದರೆ ನರದಲ್ಲಿ ಸಂದೇಶ ಸಾಗುವ ವೇಗವನ್ನು ಅಳೆಯುವ ಪರೀಕ್ಷೆಯನ್ನು ಸೂಚಿಸುತ್ತಾರೆ. ರಕ್ತದ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆಯ ಬಗೆಗೂ ಕೇಳಿ ತಿಳಿಯುವುದು ಒಳಿತು.

6. ತಡೆಗಟ್ಟುವ ಕ್ರಮಗಳು

ಎಲ್ಲ ಪ್ರಕರಣಗಳನ್ನೂ ತಡೆಯಲಾಗದು. ಆದರೂ “ಮಣಿಕಟ್ಟು ನೇರ, ಹಿಡಿತ ಸಡಿಲ, ನಡುನಡುವೆ ಬಿಡುವು” ಎಂಬ ಮೂರು ಸೂತ್ರಗಳಿಂದ ಹೊರೆ ಖಂಡಿತ ತಗ್ಗುತ್ತದೆ.

ಕಪ್ಪುಹಲಗೆ: ಎದೆಯ ಮಟ್ಟದಿಂದ ಕಣ್ಣಿನ ಮಟ್ಟದವರೆಗಿನ ಭಾಗದಲ್ಲಿ ಹೆಚ್ಚು ಬರೆಯಬೇಕು. ಮಣಿಕಟ್ಟನ್ನು ತಿರುಚದೆ ಇಡೀ ತೋಳನ್ನು ಚಲಿಸಬೇಕು. ತುಂಡು ಸೀಮೆಸುಣ್ಣವನ್ನು ಬೆರಳತುದಿಯಲ್ಲಿ ಚಿವುಟಿ ಹಿಡಿಯುವ ಬದಲು ದಪ್ಪನೆಯ ಹಿಡಿಕೆಯಲ್ಲಿ ಸಿಕ್ಕಿಸಿಕೊಳ್ಳಬಹುದು. ವರ್ಷವರ್ಷವೂ ಬರೆಯುವ ಕೋಷ್ಟಕ, ವ್ಯಾಕರಣದ ಪಟ್ಟಿಗಳನ್ನು ಒಮ್ಮೆ ಚಾರ್ಟಿನಲ್ಲಿ ಬರೆದಿಟ್ಟರೆ ಹಲವು ವರ್ಷ ಬಾಳುತ್ತವೆ.

ತಿದ್ದುಪಡಿ: ಒತ್ತಿ ಬರೆಯಬೇಕಾದ ಪೆನ್ನಿಗಿಂತ ಸರಾಗವಾಗಿ ಹರಿಯುವ, ದಪ್ಪ ಹಿಡಿಯ ಪೆನ್ನು ಲೇಸು, ಪೆನ್ನಿಗೆ ಬಟ್ಟೆಯ ಪಟ್ಟಿ ಸುತ್ತಿದರೂ ಸಾಕು. ಮೇಜಿನ ಚೂಪಾದ ಅಂಚಿಗೆ ಮಣಿಕಟ್ಟು ಊರಬಾರದು. 10 ಪುಸ್ತಕಗಳಿಗೊಮ್ಮೆ ಪೆನ್ನು ಕೆಳಗಿಟ್ಟು ಬೆರಳುಗಳನ್ನು ಚಾಚಿ ಮಡಚಬೇಕು. ತಪ್ಪುಗಳಿಗೆ ಸಂಕೇತಗಳನ್ನು ಗೊತ್ತುಮಾಡಿ, ವಿವರಣೆಯನ್ನು ತರಗತಿಯಲ್ಲಿ ಬಾಯ್ಮಾತಿನಲ್ಲಿ ನೀಡಿದರೆ ಕೈಗೂ ಬಿಡುವು, ಮಕ್ಕಳಿಗೂ ಚರ್ಚೆ.

ಬೆರಳಚ್ಚು: ಉದ್ದ ಬರಹಗಳನ್ನು ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಮೂಡಿಸದೆ, ಸಾಧ್ಯವಾದಷ್ಟು ಕೀಲಿಮಣೆಯನ್ನು ಬಳಸಬೇಕು, ಮಣಿಕಟ್ಟು ಮೇಲಕ್ಕಾಗಲಿ ಕೆಳಕ್ಕಾಗಲಿ ಬಾಗದಂತೆ ಕುರ್ಚಿಯ ಎತ್ತರವನ್ನು ಹೊಂದಿಸಿಕೊಳ್ಳಬೇಕು. ಮಾತನ್ನು ಅಕ್ಷರವಾಗಿಸುವ ಸೌಲಭ್ಯ ಇಂದು ಮೊಬೈಲುಗಳಲ್ಲಿ ಕನ್ನಡಕ್ಕೂ ಲಭ್ಯವಿದೆ. ಮೊದಲು ಹೇಳಿ ಬರೆಯಿಸಿ, ಆಮೇಲೆ ತಪ್ಪುಗಳನ್ನಷ್ಟೇ ತಿದ್ದುವುದು ಉತ್ತಮ ಅಭ್ಯಾಸ. ಒಂದೇ ಸುತ್ತೋಲೆಯನ್ನು ಹತ್ತು ಶಾಲೆಗಳಲ್ಲಿ ಹತ್ತು ಮಂದಿ ಭಾಷಾಂತರಿಸುವ ಬದಲು ಸರದಿಯಂತೆ ಹಂಚಿಕೊಳ್ಳಬೇಕು.

ಮನೆ: ಬಟ್ಟೆ ಹಿಂಡುವುದು, ಕಾಯಿ ತುರಿಯುವುದು, ರೊಟ್ಟಿ ತಟ್ಟುವುದು, ನೀರು ಸೇದುವುದು ಇವೆಲ್ಲ ಒಂದೇ ಕೈಯ ಮೇಲೆ ಬೀಳದಂತೆ ಮನೆಮಂದಿ ಹಂಚಿಕೊಳ್ಳಬೇಕು. ಶಾಲೆಯಲ್ಲಿ ಎಷ್ಟು ಎಚ್ಚರ ವಹಿಸಿದರೂ ಮನೆಗೆಲಸ ಹಾಗೆಯೇ ಉಳಿದರೆ ಫಲ ಕಡಿಮೆ.

7. ಚಿಕಿತ್ಸೆ ಮತ್ತು ನಿಭಾವಣೆ

ಆರಂಭದ ಹಂತದಲ್ಲಿ ಮುಖ್ಯ ಚಿಕಿತ್ಸೆ ರಾತ್ರಿಯ ಪಟ್ಟಿ. ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ, ಬೆರಳುಗಳ ಚಲನೆಗೆ ಅಡ್ಡಿಬಾರದ ಈ ಪಟ್ಟಿಯನ್ನು ಮಲಗುವಾಗ ಕಟ್ಟಿಕೊಳ್ಳಬೇಕು. ಬಿಗಿಯಾಗಿ ಕಟ್ಟಿದರೆ ಉದ್ದೇಶವೇ ವಿಫಲ. ಎರಡು ದಿನ ಕಟ್ಟಿ ಬಿಡದೆ, ಕನಿಷ್ಠ 6 ವಾರ ತಪ್ಪದೆ ಬಳಸಿ ನೋಡಬೇಕು. ಬೆರಳುಗಳನ್ನು ನಿಧಾನವಾಗಿ ಚಾಚಿ, ಕೊಕ್ಕೆಯಂತೆ ಬಾಗಿಸಿ, ಮುಷ್ಟಿ ಕಟ್ಟಿ ಬಿಡಿಸುವ ವ್ಯಾಯಾಮಗಳು ಕೆಲವರಿಗೆ ಹಿತವೆನಿಸುತ್ತವೆ. ಜೋಮು ಹೆಚ್ಚಿದರೆ ನಿಲ್ಲಿಸಬೇಕು.

ಪಟ್ಟಿಯಿಂದ ಗುಣ ಕಾಣದಿದ್ದರೆ ವೈದ್ಯರು ಸುರಂಗದ ಬಳಿ ಸ್ಟೀರಾಯ್ಡ್ ಚುಚ್ಚುಮದ್ದು ನೀಡಬಹುದು. ಇದರಿಂದ ಕೆಲವು ವಾರಗಳಿಂದ ತಿಂಗಳುಗಳವರೆಗೆ ಆರಾಮ ದೊರೆಯಬಹುದಾದರೂ ತೊಂದರೆ ಮರಳುವುದುಂಟು. ಮಧುಮೇಹಿಗಳಲ್ಲಿ ಕೆಲವು ದಿನ ಸಕ್ಕರೆ ಏರಬಹುದಾದ್ದರಿಂದ ಮೊದಲೇ ತಿಳಿಸಬೇಕು.

ಸ್ಪರ್ಶ ಸದಾ ಮಂದವಾಗಿದ್ದರೆ, ಹೆಬ್ಬೆರಳಿನ ಬಲ ಕುಗ್ಗಿದ್ದರೆ ಶಸ್ತ್ರಚಿಕಿತ್ಸೆಯ ವಿಚಾರ ಮುಂದೆ ಬರುತ್ತದೆ. ಸುರಂಗದ ಮುಚ್ಚಳವಾದ ಅಸ್ಥಿಬಂಧವನ್ನು ಸೀಳಿ ನರಕ್ಕೆ ಜಾಗ ಮಾಡಿಕೊಡುವುದೇ ಈ ಚಿಕಿತ್ಸೆ. ಸಾಮಾನ್ಯವಾಗಿ ಕೈಯನ್ನಷ್ಟೇ ಮರಗಟ್ಟಿಸಿ ಮಾಡುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ಮರಳುತ್ತಾರೆ. ಹಗುರವಾದ ಕೆಲಸಕ್ಕೆ ಬೆರಳುಗಳನ್ನು ಬೇಗನೆ ಬಳಸಬಹುದು. ಭಾರ ಎತ್ತಲು, ಬಲವಾಗಿ ಹಿಡಿಯಲು ಹಲವು ವಾರ ಕಾಯಬೇಕು. ಗಾಯದ ಸುತ್ತಲಿನ ನೋವು ಕೆಲವು ತಿಂಗಳು ಉಳಿಯಬಹುದು. ರಾತ್ರಿಯ ಜೋಮು ಬೇಗ ಹೋಗುತ್ತದೆ. ಆದರೆ ಬಹುಕಾಲ ಬಾಡಿದ ಸ್ನಾಯು ಪೂರ್ಣವಾಗಿ ಮರಳುವುದೆಂಬ ಭರವಸೆಯಿಲ್ಲ. ಕಾಯುವುದರ ಬೆಲೆ ಇಲ್ಲಿಯೇ ಕಾಣುವುದು.

ಎಣ್ಣೆ ಸವರುವುದರಿಂದ ಹಾಯೆನಿಸಬಹುದು, ಸುರಂಗ ಅಗಲವಾಗುವುದಿಲ್ಲ. ಬಲವಾಗಿ ತಿಕ್ಕುವುದು, ಎಳೆದು ನೆಟಿಕೆ ತೆಗೆಸುವುದು ಅಪಾಯಕಾರಿ. ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದರಿಂದ ನರದ ಒತ್ತಡ ಇಳಿಯದು. ಬಿ6 ಜೀವಸತ್ವವನ್ನು ಅತಿಯಾಗಿ ಸೇವಿಸಿದರೆ ನರಗಳಿಗೇ ಹಾನಿ. ಸ್ಪರ್ಶ ಮಂದವಾದವರು ಬಿಸಿ ಪಾತ್ರೆ, ಪ್ರಯೋಗಾಲಯದ ದೀಪಗಳ ಬಳಿ ವಿಶೇಷ ಎಚ್ಚರದಿಂದಿರಬೇಕು. ಸುಟ್ಟರೂ ತಕ್ಷಣ ತಿಳಿಯದು.

ಮುಖ್ಯೋಪಾಧ್ಯಾಯರ ಪಾಲೂ ಇಲ್ಲಿ ದೊಡ್ಡದು. ಕೆಲವು ವಾರಗಳ ಮಟ್ಟಿಗೆ ದಾಖಲೆ ಬರೆಯುವ ಕೆಲಸವನ್ನು ಬದಲಾಯಿಸುವುದು, ಸತತ ಅವಧಿಗಳ ನಡುವೆ ಬಿಡುವು ಒದಗಿಸುವುದು, ಮೌಖಿಕ ಮೌಲ್ಯಮಾಪನಕ್ಕೆ ಅವಕಾಶ ಕೊಡುವುದು ಇವು ಖರ್ಚಿಲ್ಲದ ಉಪಾಯಗಳು. ಪಾಠದ ಭಾಗವಾಗಿ ಮಕ್ಕಳು ಹಲಗೆಯಲ್ಲಿ ಬರೆಯಬಹುದು. ಕಚೇರಿಯ ಬರವಣಿಗೆಯನ್ನು ಅವರಿಂದ ಮಾಡಿಸಬಾರದು.

8. ತರಗತಿಯ ಚಟುವಟಿಕೆ (8ರಿಂದ 10ನೆಯ ತರಗತಿ, 40 ನಿಮಿಷ)

ಸಾಮಗ್ರಿ: ಹಳೆಯ ಸೈಕಲ್ ಟ್ಯೂಬಿನ ಗೇಣುದ್ದದ ತುಂಡು, ಪೆನ್ಸಿಲ್ ದಪ್ಪದ 9 ಹಗ್ಗಗಳು, ತೆಳುವಾದ ಒಂದು ರಬ್ಬರ್ ನಳಿಕೆ, ನೀರು, ಬೋಗುಣಿ.

ಮೊದಲ ಹಂತದಲ್ಲಿ ಹಗ್ಗಗಳನ್ನೂ ನಳಿಕೆಯನ್ನೂ ಟ್ಯೂಬಿನೊಳಗೆ ತೂರಿಸಿ, ನಳಿಕೆಯ ಮೂಲಕ ನೀರು ಹರಿಸಬೇಕು. ಟ್ಯೂಬನ್ನು ಬಾಗಿಸಿ ಒತ್ತಿ ಹಿಡಿದಾಗ ಹಗ್ಗಗಳಿಗೆ ಏನೂ ಆಗದು. ನೀರಿನ ಹರಿವು ಕುಗ್ಗುತ್ತದೆ. ನೇರಗೊಳಿಸಿದಾಗ ಮತ್ತೆ ಹರಿಯುತ್ತದೆ. ನರದಲ್ಲಿ ನೀರು ಹರಿಯುವುದಿಲ್ಲ, ವಿದ್ಯುತ್ ಸಂದೇಶ ಸಾಗುತ್ತದೆ ಎಂಬ ಸ್ಪಷ್ಟನೆ ನೀಡಲು ಮರೆಯಬಾರದು.

ಎರಡನೆಯ ಹಂತದಲ್ಲಿ “ನಮ್ಮ ಮನೆಯ ಕೈಕೆಲಸ” ಎಂಬ ಪಟ್ಟಿಯನ್ನು ಮಕ್ಕಳು ಮಾಡಲಿ. ಕಾಸರಗೋಡಿನಲ್ಲಿ ಅಡಿಕೆ ಸುಲಿಯುವುದು, ಬೀಡಿ ಕಟ್ಟುವುದು. ನೀಲಗಿರಿ, ವಯನಾಡಿನಲ್ಲಿ ಚಹಾ ಎಲೆ ಕೀಳುವುದು. ಸೊಲ್ಲಾಪುರದಲ್ಲಿ ಬೀಡಿ, ನೇಯ್ಗೆ. ಅಕ್ಕಲಕೋಟೆ, ಜತ್ತದಲ್ಲಿ ಜೋಳದ ರೊಟ್ಟಿ ತಟ್ಟುವುದು. ರಾಯದುರ್ಗದಲ್ಲಿ ಬಟ್ಟೆ ಹೊಲಿಯುವುದು. ಆದೋನಿಯಲ್ಲಿ ಹತ್ತಿ ಬಿಡಿಸುವುದು. ಪ್ರತಿಯೊಂದರಲ್ಲೂ ಮಣಿಕಟ್ಟು ಬಾಗುತ್ತದೆಯೇ, ಬಲ ಬೇಕೇ, ಎಷ್ಟು ಹೊತ್ತು ಬಿಡುವಿಲ್ಲ ಎಂದು ಮೂರು ಅಂಕಣಗಳಲ್ಲಿ ಗುರುತಿಸಲಿ. ಈ ಕೆಲಸ ಮಾಡುವವರಿಗೆಲ್ಲ ರೋಗ ಬರುತ್ತದೆಂದು ಹೇಳಕೂಡದು.

ಮೂರನೆಯ ಹಂತ ಮನೆಯ ಕೆಲಸ. ಇಷ್ಟವಿರುವ ಹಿರಿಯರೊಬ್ಬರ ಕೈಯ ನಕ್ಷೆಯನ್ನು ಮಕ್ಕಳು ಬರೆದು ಅವರಿಗೇ ಕೊಡಲಿ. ಅದನ್ನು ತರಗತಿಯಲ್ಲಿ ಪ್ರದರ್ಶಿಸಬಾರದು. ಮಕ್ಕಳು ರೋಗನಿರ್ಣಯ ಮಾಡಬಾರದು. ರಾತ್ರಿಯ ಜೋಮನ್ನು ಯಾರಿಗೂ ಹೇಳದೆ ನುಂಗಿಕೊಂಡಿರುವ ತಾಯಿಯೊಬ್ಬಳು ಆ ಹಾಳೆಯನ್ನು ಹಿಡಿದು ಆರೋಗ್ಯ ಕೇಂದ್ರಕ್ಕೆ ಹೋದರೆ ಪಾಠ ಸಾರ್ಥಕ.

9. ಉಪಸಂಹಾರ

ಪೀಠಿಕೆಯ ಶಿಕ್ಷಕಿ ವಾರ್ಷಿಕ ಪರೀಕ್ಷೆ ಮುಗಿದ ಮೇಲೆಯೇ ವೈದ್ಯರನ್ನು ಕಂಡರು. ಆ ಹೊತ್ತಿಗೆ ಹೆಬ್ಬೆರಳಿನ ಬುಡ ಬಾಡಿತ್ತು; ಶಸ್ತ್ರಚಿಕಿತ್ಸೆಯಾಯಿತು. ಜೋಮು ಹೋಯಿತು, ನಿದ್ರೆ ಮರಳಿತು. ಆದರೆ ಮೊದಲಿನ ದುಂಡನೆಯ ಅಕ್ಷರ ಹಲಗೆಯ ಮೇಲೆ ಪೂರ್ತಿಯಾಗಿ ಮರಳಲಿಲ್ಲ. ಸೀರೆಗೆ ಪಿನ್ನು ಹಾಕಲು ಇನ್ನೊಬ್ಬರ ನೆರವು ಬೇಕಾಯಿತು. ಮೊದಲ ಕೆಲವು ವಾರಗಳಲ್ಲೇ ರಾತ್ರಿಯ ಪಟ್ಟಿ ಕಟ್ಟಿದ್ದರೆ ಇಷ್ಟು ನಷ್ಟವಾಗದೆ ಇರುವ ಸಾಧ್ಯತೆ ಹೆಚ್ಚಿತ್ತು. ಅದಕ್ಕಾಗಿ ಬೇಕಾಗಿದ್ದುದು ದೀರ್ಘ ರಜೆಯಲ್ಲ, ಒಂದು ಮಧ್ಯಾಹ್ನ.

“ಕನ್ನಡದ ಮಕ್ಕಳಿಗೆ ಯಾರಿದ್ದಾರೆ?” ಎಂಬ ಪ್ರಶ್ನೆ ನಿಜವಾದದ್ದು. ಆದರೆ ಅದು ತಡಮಾಡಲು ಕಾರಣವಲ್ಲ, ಬೇಗ ಹೋಗಲು ಕಾರಣ. ಬದಲಿ ಶಿಕ್ಷಕರಿಲ್ಲದ ಶಾಲೆಯಲ್ಲಿ ಇರುವ ಶಿಕ್ಷಕರ ಕೈಯನ್ನು ಕಾಪಾಡಿಕೊಳ್ಳುವುದು ಶಾಲೆಯನ್ನು ಕಾಪಾಡಿಕೊಳ್ಳುವುದರ ಒಂದು ಭಾಗವೇ ಆಗಿದೆ.

ಅಭ್ಯಾಸ

1. ಮಣಿಕಟ್ಟಿನ ಸುರಂಗದ ತಳ, ಮುಚ್ಚಳ ಮತ್ತು ಒಳಗಿನ ಅಂಗಗಳನ್ನು ಚಿತ್ರಸಹಿತ ವಿವರಿಸಿರಿ.
2. ಕಿರುಬೆರಳಿನಲ್ಲಿ ಮಾತ್ರ ಜೋಮು ಇದ್ದರೆ ಮಧ್ಯಮ ನರವನ್ನು ಶಂಕಿಸಬೇಕೇ? ಕಾರಣ ಕೊಡಿರಿ.
3. ಬಹುಕಾಲದ ನೋವು ತಾನಾಗಿಯೇ ಕಡಿಮೆಯಾದಾಗಲೂ ವೈದ್ಯರನ್ನು ಕಾಣಬೇಕೇಕೆ?
4. ತಮ್ಮ ಒಂದು ದಿನದ ಬರವಣಿಗೆ, ಬೆರಳಚ್ಚು ಮತ್ತು ಮನೆಗೆಲಸಗಳ ವೇಳೆಯನ್ನು ಪಟ್ಟಿಮಾಡಿ, ಅದರಲ್ಲಿ ಬದಲಾಯಿಸಬಹುದಾದ ಮೂರು ಅಂಶಗಳನ್ನು ಗುರುತಿಸಿರಿ.
5. ಭಾಷಾಂತರದ ಕೆಲಸವನ್ನು ನೆರೆಯ ಶಾಲೆಗಳೊಡನೆ ಸರದಿಯಂತೆ ಹಂಚಿಕೊಳ್ಳುವ ಯೋಜನೆಯೊಂದನ್ನು ಗುಂಪಿನಲ್ಲಿ ಚರ್ಚಿಸಿ ಸಿದ್ಧಪಡಿಸಿರಿ.